"ಎಲ್ಲಾ ಪಿಡಿಎಫ್ ಮಾಡಿ ಕಳಿಸಿ" ಅಂದರೆ ಒಪ್ಪಬೇಡಿ

ಅಮೆರಿಕದ ಕೇಸುಗಳಿಗೆ ದಾಖಲೆ ಜೋಡಿಸಿ ಕೊಡುವ ಕೆಲಸವನ್ನು ಬೆಂಗಳೂರಿನಲ್ಲಿ ಸಾಕಷ್ಟು ಜನ ಮಾಡುತ್ತಾರೆ. ನಾನೂ ಅವರಲ್ಲಿ ಒಬ್ಬ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ಮತ್ತೆ ಕಂಪನಿಯ ಐಟಿ ವಿಭಾಗದಲ್ಲಿದ್ದು "ಲೀಗಲ್‌ನವರು ಫೈಲ್ ಕೇಳ್ತಿದ್ದಾರೆ, ಕೊಟ್ಬಿಡಿ" ಅನ್ನಿಸಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ "ಎಲ್ಲಾ ಪಿಡಿಎಫ್ ಮಾಡಿ ಕಳಿಸಿ, ನೀಟಾಗಿರುತ್ತೆ" ಅಂದರೆ ಅಲ್ಲೇ ತಡೆಯಿರಿ. ನಾವು ಬೇಡ ಅಂದೆವು, ನಮ್ಮ ಮಾತು ನಡೆಯಲಿಲ್ಲ. ಆಮೇಲೆ ಅದೇ ಕೆಲಸವನ್ನು ಮೊದಲಿಂದ ಮಾಡಿದೆವು.

ಹಿನ್ನೆಲೆ ಇಷ್ಟು. ಅಲ್ಲಿನ ಸಿವಿಲ್ ಕೇಸುಗಳಲ್ಲಿ ವಿಚಾರಣೆಗೆ ಮುಂಚೆಯೇ ಎದುರಾಳಿ ಕೇಳಿದ ಇಮೇಲ್, ಫೈಲುಗಳನ್ನು ಕೊಡಬೇಕು. ಹಾಗೆ ಕೊಡುವುದಕ್ಕೆ ಪ್ರೊಡಕ್ಷನ್ ಅನ್ನುತ್ತೇವೆ. ಯಾವ ಫಾರ್ಮ್ಯಾಟಿನಲ್ಲಿ ಅನ್ನುವುದನ್ನು ಫೆಡರಲ್ ಸಿವಿಲ್ ನಿಯಮ 34 ಹೇಳುತ್ತದೆ. 2006ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಅದು. ಕೇಳುವವರು ಇಂಥದ್ದೇ ಫಾರ್ಮ್ಯಾಟ್ ಬೇಕು ಅನ್ನಬಹುದು. ಅನ್ನದಿದ್ದರೆ ಫೈಲ್ ಮಾಮೂಲಾಗಿ ಹೇಗಿತ್ತೋ ಹಾಗೆ ಕೊಡಬೇಕು, ಇಲ್ಲವೇ ಬಳಸಲು ಬರುವ ರೂಪದಲ್ಲಿ ಕೊಡಬೇಕು. ಬೇರೆ ಒಪ್ಪಂದವೋ ಕೋರ್ಟಿನ ಆದೇಶವೋ ಇಲ್ಲದಿದ್ದರೆ ಒಂದೇ ಮಾಹಿತಿಯನ್ನು ಎರಡು ರೂಪದಲ್ಲಿ ಕೊಡಬೇಕಿಲ್ಲ.

ನಮ್ಮ ಕೇಸಿನ ವಕೀಲರು ಈ ಕೊನೆಯ ಮಾತನ್ನೇ ಗಟ್ಟಿಯಾಗಿ ಹಿಡಿದರು. ಪಿಡಿಎಫ್ ಕೊಟ್ಟುಬಿಟ್ಟರೆ ಮುಗೀತು, ಮತ್ತೆ ಕೇಳುವಂತಿಲ್ಲ ಅನ್ನೋ ಲೆಕ್ಕ. ಅದೇ ನಿಯಮದ ಜೊತೆಗೆ ಬಂದ, ನಿಯಮ ರೂಪಿಸಿದ ಸಮಿತಿಯ ಟಿಪ್ಪಣಿಯನ್ನು ಅವರು ನೋಡಿದ್ದರೋ ಇಲ್ಲವೋ. ಒಳಗಿನ ಪದ ಹುಡುಕಲು ಬರುವ ಫೈಲನ್ನು ಹಾಗೆ ಹುಡುಕಲು ಬಾರದಂತೆ ಮಾಡಿ ಕೊಡಬಾರದು ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇದೆ.

ಕೇಸು ಒಂದು ಅಮೆರಿಕನ್ ಕಂಪನಿಯದು. ಜಗಳ ಅದರ ಕರ್ನಾಟಕದ ಗೋದಾಮುಗಳ ಬಾಡಿಗೆ ಮತ್ತು ಸಾಗಣೆ ಲೆಕ್ಕದ್ದು. ಹೆಸರು ಬೇಡ. ಫೈಲುಗಳಲ್ಲಿ ಔಟ್‌ಲುಕ್ ಮೇಲ್ ಇತ್ತು, ಎಕ್ಸೆಲ್ ಜಾಸ್ತಿ ಇತ್ತು, ಇಲ್ಲಿನ ಕಚೇರಿಯವರು ಕನ್ನಡದಲ್ಲಿ ಟೈಪ್ ಮಾಡಿದ ವರ್ಡ್ ಪತ್ರಗಳಿದ್ದವು.

ಎಕ್ಸೆಲ್ ಪಿಡಿಎಫ್ ಆದಾಗ ಏನಾಗುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಅಗಲವಾದ ದರಪಟ್ಟಿ ಉದ್ದುದ್ದ ಸೀಳಿಹೋಯಿತು. ಲಾರಿ ನಂಬರ್ ಒಂದು ಪುಟದಲ್ಲಿ, ಅದರ ಬಾಡಿಗೆ ಎಷ್ಟೋ ಪುಟಗಳಾಚೆ. ಕಾಲಂ ಸಣ್ಣದಾಗಿದ್ದ ಕಡೆ ಮೊತ್ತದ ಬದಲು ಹ್ಯಾಶ್ ಗುರುತುಗಳ ಸಾಲು. ಮೊತ್ತ ಯಾವ ಸೂತ್ರದಿಂದ ಬಂತು ಅನ್ನುವುದು ಮಾಯ, ಮ್ಯಾನೇಜರ್ ಸೆಲ್‌ಗೆ ಅಂಟಿಸಿದ್ದ ಕಾಮೆಂಟ್ ಮಾಯ. ಎದುರಾಳಿಗೆ ಬೇಕಾಗಿದ್ದದ್ದೇ ಆ ಸೂತ್ರ, ಆ ಕಾಮೆಂಟ್! ಇವತ್ತಿನ ತಾರೀಖು ತಾನಾಗಿ ಬರಲಿ ಅಂತ ಫಂಕ್ಷನ್ ಹಾಕಿದ್ದ ಹಾಳೆಗಳೂ ಇದ್ದವು. ಹಳೆಯ ಲೆಕ್ಕದ ತಲೆಯ ಮೇಲೆ ನಾವು ಪಿಡಿಎಫ್ ಮಾಡಿದ ದಿನದ ತಾರೀಖು ಬಂದು ಕೂತಿತು. ಕೋರ್ಟಿನಲ್ಲಿ ಇದು ಎಂಥ ಅನುಮಾನ ಹುಟ್ಟಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಉಲ್ಟಾ ಕೂಡ ಆಗಬಹುದು. 2008ರಲ್ಲಿ ದಿವಾಳಿಯಾದ ಅಮೆರಿಕದ ಬ್ಯಾಂಕ್ ಲೇಮನ್ ಬ್ರದರ್ಸ್‌ನ ವ್ಯವಹಾರವನ್ನು ಬಾರ್ಕ್ಲೇಸ್ ಕೊಳ್ಳುವಾಗ, ಬಾರ್ಕ್ಲೇಸ್ ವಕೀಲರ ಕಡೆಯವರು ಎಕ್ಸೆಲ್ ಪಟ್ಟಿಯನ್ನು ಪಿಡಿಎಫ್ ಮಾಡಿದರು. ಮರೆಮಾಡಿದ್ದ ಸಾಲುಗಳು ಎದ್ದು ಬಂದವು. ಬೇಡ ಅಂದಿದ್ದ 179 ಕರಾರುಗಳು ಕೊಳ್ಳುವ ಪಟ್ಟಿಗೆ ಸೇರಿಕೊಂಡವು. ಅವನ್ನು ತೆಗೆಸಲು ಕೋರ್ಟಿನ ಮೊರೆ ಹೋಗಬೇಕಾಯಿತು.

ಮೇಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೇಲ್ ಒಂದು ಪಿಡಿಎಫ್, ಅದರ ಅಟ್ಯಾಚ್‌ಮೆಂಟ್ ಇನ್ನೊಂದು ಪಿಡಿಎಫ್, ಯಾವುದು ಯಾವುದಕ್ಕೆ ಸೇರಿದ್ದು ಅಂತ ಎಲ್ಲೂ ಇಲ್ಲ. ಕೆಲವು ಮೇಲ್‌ಗಳಲ್ಲಿ ನಮ್ಮ ಸಮಯ, ಕೆಲವದರಲ್ಲಿ ಅಲ್ಲಿನ ಸಮಯ. ಯಾರು ಯಾರಿಗೆ ಮೊದಲು ಬರೆದರು ಅನ್ನುವುದೇ ತಿರುಗಾಮುರುಗಾ.

ಈಗ ಕನ್ನಡದ ಕಥೆ. ಇದನ್ನು ಅಲ್ಲಿನವರು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಕಚೇರಿಗಳ ಹಳೆಯ ಪತ್ರಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಇರುವುದೇ ಕಮ್ಮಿ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇರುತ್ತವೆ. ಅಂಥ ಫೈಲಿನೊಳಗೆ ನಿಜಕ್ಕೂ ಕನ್ನಡ ಇರುವುದಿಲ್ಲ. ಲ್ಯಾಟಿನ್ ಅಕ್ಷರಗಳಿರುತ್ತವೆ, ಫಾಂಟ್ ಅವನ್ನು ಕನ್ನಡವಾಗಿ ತೋರಿಸುತ್ತದೆ. ಆ ಫಾಂಟ್ ಇಲ್ಲದ ಅಮೆರಿಕದ ಸರ್ವರಿನಲ್ಲಿ ಪಿಡಿಎಫ್ ಮಾಡಿದಾಗ "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಗುರುತು ಬಂದವು. ಬಾಡಿಗೆ ಕರಾರಿನ ಪತ್ರಗಳೆಲ್ಲ ಹೀಗೆ. ಮೂಲ ವರ್ಡ್ ಫೈಲ್ ಕೊಟ್ಟಿದ್ದರೆ ಫಾಂಟಿನ ಹೆಸರು ಅದರಲ್ಲೇ ಉಳಿದಿರುತ್ತಿತ್ತು, ಅದನ್ನು ನೋಡಿ ಯೂನಿಕೋಡ್‌ಗೆ ತಿರುಗಿಸಬಹುದಿತ್ತು. ಚಿತ್ರದಂಥ ಪಿಡಿಎಫ್ ಮಾಡಿ, ಅದರ ಮೇಲೆ ಇಂಗ್ಲಿಷ್ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ಸಾಫ್ಟ್‌ವೇರ್) ಓಡಿಸಿದ್ದರಿಂದ ಆ ದಾರಿಯೂ ಮುಚ್ಚಿತು. ಎದುರಾಳಿಯ ಕನ್ನಡ ಬಲ್ಲ ರಿವ್ಯೂವರ್ "ಬಾಡಿಗೆ" ಅಂತ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ.

ಎದುರಾಳಿ ಪತ್ರ ಬರೆದರು, ನಮ್ಮವರು ಜಗ್ಗಲಿಲ್ಲ. ಎದುರಾಳಿ ಕೋರ್ಟಿಗೆ ಅರ್ಜಿ ಹಾಕಿದರು. ಎಕ್ಸೆಲ್ ಮೂಲ ರೂಪದಲ್ಲೇ ಕೊಡಿ, ಉಳಿದದ್ದನ್ನು ಮೆಟಾಡೇಟಾ (ಫೈಲನ್ನು ಯಾರು, ಯಾವಾಗ ಮಾಡಿದರು ಅನ್ನುವಂಥ ವಿವರ) ಸಮೇತ ಮತ್ತೆ ಕೊಡಿ ಅಂತ ಆದೇಶ ಬಂತು. ಖರ್ಚು ಕಕ್ಷಿದಾರರ ತಲೆಗೆ, ರಾತ್ರಿ ಪಾಳಿ ನಮ್ಮ ತಲೆಗೆ. ಇದು ಹೊಸ ತಕರಾರೂ ಅಲ್ಲ. ನಿಯಮ ತಿದ್ದುವ ಮುಂಚೆಯೇ, 2005ರಲ್ಲಿ, ಸ್ಪ್ರಿಂಟ್ ಕಂಪನಿಯ ಕೇಸಿನಲ್ಲಿ ಕಾನ್ಸಾಸ್‌ನ ಫೆಡರಲ್ ಕೋರ್ಟ್ ಎಕ್ಸೆಲ್ ಹಾಳೆಗಳ ಮೆಟಾಡೇಟಾ ಅಳಿಸಿ, ಸೆಲ್‌ಗಳಿಗೆ ಬೀಗ ಹಾಕಿ ಕೊಟ್ಟದ್ದನ್ನು ಒಪ್ಪಿರಲಿಲ್ಲ.

ಎರಡನೇ ಸಲವೂ ಎಡವಟ್ಟಾಯಿತು. ಅಲ್ಲಿನ ವೆಂಡರ್ ಪತ್ರಗಳ ಪಠ್ಯವನ್ನು ಬೇರೆ ಟೆಕ್ಸ್ಟ್ ಫೈಲುಗಳಲ್ಲಿ ಇಡದೆ, ದಾಖಲೆಗಳ ವಿವರವನ್ನು ರಿವ್ಯೂ ಸಾಫ್ಟ್‌ವೇರಿಗೆ ತುಂಬಿಸುವ ಲೋಡ್ ಫೈಲಿನೊಳಗೇ ತುರುಕಿದ್ದರು. ಆ ಲೋಡ್ ಫೈಲು ಕಾನ್ಕಾರ್ಡೆನ್ಸ್ ಅನ್ನೋ ಸಾಫ್ಟ್‌ವೇರಿನ ಮಾದರಿಯ ಡ್ಯಾಟ್ ಫೈಲು, ಅದರಲ್ಲಿ ವೃತ್ತದೊಳಗೆ ಆರ್ ಇರುವ ರಿಜಿಸ್ಟರ್ಡ್ ಗುರುತು ಬಂದರೆ "ಇಲ್ಲಿಂದ ಹೊಸ ಸಾಲು" ಅಂತ ಅರ್ಥ. ನುಡಿಯ ಹಳೆಯ ಎನ್‌ಕೋಡಿಂಗ್‌ನಲ್ಲಿ ಅದೇ ಗುರುತಿನ ಜಾಗದಲ್ಲಿ ಕೂತಿರುವುದು "ಲ". "ಇಲ್ಲ" ಅನ್ನೋ ಪದ ಬಂದ ಕಡೆಯೆಲ್ಲ ಸಾಲು ಪಟ್ ಅಂತ ಮುರಿಯುತ್ತಿತ್ತು. ಕಾರಣ ಹುಡುಕಿದ್ದು ನಮ್ಮ ಪಾಳಿಯ ಹುಡುಗಿ. ಹಿಂದೆ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದ್ದವಳು, ಆ ಗುರುತು ನೋಡಿದ ಕೂಡಲೇ "ಇದು ಲ ಅಲ್ವಾ ಸಾರ್" ಅಂದಳು.

ಹಾಗಂತ ಎಲ್ಲವನ್ನೂ ಮೂಲ ರೂಪದಲ್ಲಿ ಕೊಡಿ ಅನ್ನುತ್ತಿಲ್ಲ. ವಕೀಲರು ಪಿಡಿಎಫ್, ಟಿಫ್ (ಪುಟದ ಚಿತ್ರ) ಇಷ್ಟಪಡಲು ಕಾರಣ ಇದೆ. ಪುಟಪುಟಕ್ಕೂ ಬೇಟ್ಸ್ ನಂಬರ್ (ದಾಖಲೆಗಳ ಕ್ರಮಸಂಖ್ಯೆ) ಹಾಕಬಹುದು, ಗುಟ್ಟಿನ ಭಾಗ ಮುಚ್ಚಬಹುದು. ಎಕ್ಸೆಲ್‌ನಲ್ಲಿ ಮುಚ್ಚುವುದು ಕಷ್ಟ. ಪಿಡಿಎಫ್‌ನಲ್ಲೂ ಮುಚ್ಚಿದ್ದು ನಿಜವಾಗಿ ಹೋಗಿದೆಯಾ ಅಂತ ನೋಡಿ. 2019ರ ಜನವರಿಯಲ್ಲಿ, ಟ್ರಂಪ್ ಚುನಾವಣಾ ಪ್ರಚಾರ ನಡೆಸಿದ್ದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನ ಕಪ್ಪು ಪಟ್ಟಿಗಳನ್ನು ಪತ್ರಕರ್ತರು ಸುಮ್ನೆ ಕಾಪಿ ಮಾಡಿ ಪೇಸ್ಟ್ ಮಾಡಿದರು, ಅಡಿಯಲ್ಲಿದ್ದದ್ದೆಲ್ಲ ಓದಲು ಸಿಕ್ಕಿತು.

ನಮ್ಮ ತಂಡ ಈಗ ಮಾಡುವುದು ಹೀಗೆ. ಕೇಸಿನ ಶುರುವಿನಲ್ಲಿ ಎರಡೂ ಕಡೆಯ ವಕೀಲರು ನಿಯಮ 26ರ ಪ್ರಕಾರ ಕೂತು ಮಾತಾಡುತ್ತಾರಲ್ಲ, ಫಾರ್ಮ್ಯಾಟನ್ನು ಅಲ್ಲೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿ ಅಂತ ಹೇಳುತ್ತೇವೆ. ಎಕ್ಸೆಲ್ ಮೂಲ ರೂಪದಲ್ಲಿ, ಜೊತೆಗೆ ನಂಬರ್ ಹಾಕಿದ ಒಂದು ಖಾಲಿ ಹಾಳೆ ಮತ್ತು ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲ್ ಸ್ವಲ್ಪ ಬದಲಾದರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ. ಮೇಲ್‌ಗಳು ಚಿತ್ರರೂಪದಲ್ಲಾದರೆ ಅಟ್ಯಾಚ್‌ಮೆಂಟಿನ ಕೊಂಡಿ ಮತ್ತು ಒಂದೇ ಟೈಮ್ ಜೋನ್. ಪಠ್ಯ ಪ್ರತ್ಯೇಕ ಯುಟಿಎಫ್-8 (ಯೂನಿಕೋಡ್ ಉಳಿಸುವ ಒಂದು ರೂಪ) ಫೈಲುಗಳಲ್ಲಿ. ನುಡಿ ಪತ್ರ ಇದ್ದರೆ ಮೂಲವೂ ಬೇಕು, ಯೂನಿಕೋಡ್ ಪಠ್ಯವೂ ಬೇಕು. ಪೂರ್ತಿ ಕಳಿಸುವ ಮುಂಚೆ ಎಲ್ಲ ಬಗೆಯದೂ ಸ್ವಲ್ಪ ಸ್ವಲ್ಪ ಇರುವ ಸ್ಯಾಂಪಲ್ ಕಳಿಸಿ, ತೆರೆಯಿತು ಅಂತ ಮೇಲ್ ಬರುವವರೆಗೂ ಮುಂದೆ ಹೋಗುವುದಿಲ್ಲ.

ನಮ್ಮ ಕೋರ್ಟುಗಳ ಕೇಸಿಗೂ ಒಂದು ಮಾತು ಸೇರಿಸುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಸರ್ಟಿಫಿಕೇಟಿನಲ್ಲಿ ಹ್ಯಾಶ್ ಮೌಲ್ಯ ಬರೆಯುವ ಜಾಗವೇ ಇದೆ. ಪಿಡಿಎಫ್ ಮಾಡಿ ಮೂಲ ಫೈಲ್ ಅಳಿಸಿಬಿಟ್ಟರೆ ಅಲ್ಲಿ ಬರೆಯಲು ಸಿಗುವುದು ಪಿಡಿಎಫ್‌ನ ಹ್ಯಾಶ್ ಮಾತ್ರ.