ಸ್ಟೆಲ್ಲೇರಿಯಂ ತಂತ್ರಾಂಶ: ಮೋರ್ಯರ ಗುಡ್ಡದಲ್ಲಿ ನಾಲ್ಕು ವರ್ಷಗಳ ಬಳಕೆಯ ನಂತರ

ಗಂಗಾವತಿಯವನಾದ ನಾನು ಕಂಪ್ಯೂಟರಿನ ಪರದೆಯ ಮೇಲೆ ಆಕಾಶವನ್ನು ತೋರಿಸುವ ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶವನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ನಕ್ಷತ್ರಗಳನ್ನು ಗುರುತಿಸಲು ಇದನ್ನು ಬಳಸುವವರೇ ಹೆಚ್ಚು. ನನಗೆ ಬೇಕಾದದ್ದು ಇದರೊಳಗಿನ ಸೀನರಿ3ಡಿ ಎಂಬ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯ. ವಿಯೆನ್ನಾದ ಗೇಯಾರ್ಗ್ ಝೊಟ್ಟಿಯವರು ಬೆಳೆಸಿದ ಈ ಪ್ಲಗಿನ್, ನಾವು ತಯಾರಿಸಿದ ಕಟ್ಟಡದ ಮೂರು ಆಯಾಮದ ಮಾದರಿಯನ್ನು ಬೇಕಾದ ಕಾಲದ ಆಕಾಶದಡಿ ನಿಲ್ಲಿಸಿ, ಅಂದಿನ ಬಿಸಿಲು ಎಲ್ಲಿ ಬೀಳುತ್ತಿತ್ತೆಂದು ತೋರಿಸುತ್ತದೆ. ಮೊಬೈಲ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ.

ಮೋರ್ಯರ ಗುಡ್ಡ ಎಂದು ಕರೆಯುವ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕ್ರಿ.ಪೂ. 800ರಿಂದ 200ರ ನಡುವಿನವೆನ್ನಲಾಗುವ ಸುಮಾರು 400 ಶಿಲಾಸಮಾಧಿಗಳಿವೆ. ಕೆಲವುಗಳ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಆಗ್ನೇಯಕ್ಕೆ ಕಿಂಡಿಯಿದ್ದ ಒಂದನ್ನು ಆರಿಸಿ, ಫೋಟೊಗಳಿಂದ ಮಾದರಿ ಮಾಡಿ, ಮೊಬೈಲಿನ ದಿಕ್ಸೂಚಿ ನೋಡಿ ಉತ್ತರಕ್ಕೆ ಹೊಂದಿಸಿದೆ. ಕ್ರಿ.ಪೂ. 800ರ ದಕ್ಷಿಣಾಯನದ ಕೊನೆಯ ದಿನದ (ಈಗಿನ ಲೆಕ್ಕದಲ್ಲಿ ಡಿಸೆಂಬರ್ 21ರ ಸುಮಾರಿನ) ಸೂರ್ಯ ನೇರವಾಗಿ ಕಿಂಡಿಯೊಳಗೆ ಇಣುಕಿದ. ಎರಡು ದಿನ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ತಂತ್ರಾಂಶದ ಲೆಕ್ಕ ಸರಿಯಾಗಿಯೇ ಇತ್ತು. ನಾನು ಕೊಟ್ಟ ಉತ್ತರ ದಿಕ್ಕೇ ತಪ್ಪಾಗಿತ್ತು. ದಿಕ್ಸೂಚಿಯ ಉತ್ತರ ನಮ್ಮ ಭಾಗದಲ್ಲಿ ನಿಜವಾದ ಉತ್ತರದಿಂದ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ವಾಲಿರುತ್ತದೆ. ಅದನ್ನು ಬಿಟ್ಟು ಜಿಪಿಎಸ್‌ನಿಂದ ದೂರದ ಎರಡು ಬಿಂದುಗಳನ್ನು ಅಳೆದಾಗ, ಯುಟಿಎಂ ಎಂಬ ನಕ್ಷಾಪದ್ಧತಿಯ ಚೌಕಜಾಲದ ಉತ್ತರವೂ ಇಲ್ಲಿ ಹತ್ತಿರ ಹತ್ತಿರ 0.4 ಡಿಗ್ರಿ ಬೇರೆ ಎಂಬುದು ತಿಳಿಯಿತು. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ ಎಂದಮೇಲೆ ಇದನ್ನು ಉಪೇಕ್ಷಿಸುವಂತಿಲ್ಲ. ಅದನ್ನು ಸರಿಪಡಿಸಲು ಪ್ಲಗಿನ್‌ನ ಸಂಯೋಜನಾ ಕಡತದಲ್ಲಿ ಒಂದು ಸಾಲು ಇದೆ. ಇನ್ನು, ಎದುರಿನ ದಿಗಂತವನ್ನು ಗುಡ್ಡವೊಂದು ಮೂರು ಡಿಗ್ರಿ ಎತ್ತರಿಸಿದರೆ ಆ ದಿನ ಸೂರ್ಯ ಕಾಣಿಸಿಕೊಳ್ಳುವ ಜಾಗ ದಕ್ಷಿಣಕ್ಕೆ ಸುಮಾರು 0.9 ಡಿಗ್ರಿ ಸರಿಯುತ್ತದೆ. ಹೀಗಾಗಿ ದಿಗಂತವನ್ನೂ ಅಳೆದು ಸೇರಿಸಿದೆ. ಇಷ್ಟಾದ ಮೇಲೆ ಬಿಸಿಲು ಕಿಂಡಿಯ ಅಂಚನ್ನೂ ಮುಟ್ಟಲಿಲ್ಲ.

ಸೂರ್ಯನ ಮಟ್ಟಿಗೆ ಈ ತಂತ್ರಾಂಶ ಅನಿವಾರ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ಭೂಮಿಯ ಅಕ್ಷದ ವಾಲಿಕೆ 2800 ವರ್ಷಗಳಲ್ಲಿ ಬದಲಾದದ್ದು ಅತ್ಯಲ್ಪವಾದ್ದರಿಂದ, ನಮ್ಮ ಅಕ್ಷಾಂಶದಲ್ಲಿ ಆ ದಿನದ ಉದಯಸ್ಥಾನ ಒಂದು ಸೂರ್ಯಬಿಂಬದಷ್ಟೂ ಸರಿದಿಲ್ಲ. ಜೂನ್ ತಿಂಗಳ ಉದಯಕ್ಕೆ ಮಾತ್ರ ಮುಂಗಾರಿನ ಮೋಡ ಅಡ್ಡಬರುವುದರಿಂದ ಪರದೆಯೇ ಗತಿ. ನಕ್ಷತ್ರಗಳ ಕಥೆ ಬೇರೆ: ಅಯನ ಚಲನೆಯಿಂದ, ಅಂದರೆ ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಸುತ್ತುವುದರಿಂದ, ಅವು 72 ವರ್ಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತವೆ, ಅಲ್ಲಿ ಇದರ ನೆರವಿಲ್ಲದೆ ಏನೂ ಸಾಗದು.

ಹೊಸಬರಿಗೆ ತೊಡಕಾಗುವುದು ದಿನಾಂಕ. ಈ ತಂತ್ರಾಂಶ 1582ರ ಅಕ್ಟೋಬರಿಗಿಂತ ಹಿಂದಿನದನ್ನೆಲ್ಲ ಈಗಿನ ಪಂಚಾಂಗಕ್ಕಿಂತ ಹಳೆಯದಾದ ಜೂಲಿಯನ್ ಪಂಚಾಂಗದಲ್ಲಿ ಎಣಿಸುತ್ತದೆ. ಇಟಗಿಯ ಮಹಾದೇವ ದೇವಾಲಯ ಕಟ್ಟಿದ 1112ರ ವಸಂತ ವಿಷುವವನ್ನು (ಹಗಲು ರಾತ್ರಿ ಸಮನಾಗುವ ದಿನವನ್ನು) ನಾನು ಮಾರ್ಚ್ 21ಕ್ಕೆ ಹುಡುಕಿ ಕಂಗಾಲಾಗಿದ್ದೆ. ಅದು ಸಿಕ್ಕಿದ್ದು ಒಂದು ವಾರ ಮುಂಚೆ. ಕ್ರಿ.ಪೂ. 800ಕ್ಕೆ ಋಣ 799 ಎಂದು ಬರೆಯಬೇಕು, ಏಕೆಂದರೆ ಇಲ್ಲಿ ಸೊನ್ನೆಯ ವರ್ಷವೂ ಇದೆ.

ನೆರಳನ್ನು ನುಣುಪಾಗಿ ತೋರಿಸಲು ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಹಾಗಾಗಿ ಮಾದರಿಯ ವಿವರಗಳನ್ನು ಬ್ಲೆಂಡರ್ ಎಂಬ ಮೂರು ಆಯಾಮದ ಮಾದರಿಗಳ ತಂತ್ರಾಂಶದಲ್ಲಿ ಕಡಿಮೆ ಮಾಡಿಕೊಳ್ಳುತ್ತೇನೆ. ಕಳೆದ ಡಿಸೆಂಬರ್ 21ರ ನಸುಕಿನಲ್ಲಿ ಗುಡ್ಡ ಹತ್ತಿ, ತಿದ್ದಿದ ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಪರದೆಯ ಸೂರ್ಯ ಯಾವ ಬಂಡೆಯ ಪಕ್ಕ ಮೂಡಿದನೋ, ಕಣ್ಣೆದುರಿನ ಸೂರ್ಯನೂ ಅಲ್ಲೇ ಮೂಡಿದ. ಕಿಂಡಿಯೊಳಗೆ ಮಾತ್ರ ಕತ್ತಲೆಯೇ ಇತ್ತು.