ನಿಕಾನ್ 200-500 ಲೆನ್ಸ್: ರಂಗನತಿಟ್ಟಿನ ದೋಣಿಗೆ ಸರಿ, ಮಲೆನಾಡಿನ ಮಳೆಗೆ ಅಲ್ಲ

2015ರಲ್ಲಿ ಬಂದ ಈ ಲೆನ್ಸ್‌ನ ದೊಡ್ಡ ಗುಣ, ಪೂರ್ತಿ ಜೂಮ್ ಮಾಡಿದರೂ ಬೆಳಕು ಬಿಡುವ ಕಿಂಡಿಯ ಅಳತೆ ಎಫ್ 5.6 ಹಾಗೇ ಉಳಿಯುವುದು. ನಿಕಾನ್ ಡಿ500ನಂಥ ಕ್ರಾಪ್ (ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ ಹಾಕಿದರೆ 750 ಮಿ.ಮೀ. ಲೆನ್ಸ್‌ನಷ್ಟು ಹತ್ತಿರದ ನೋಟ ಸಿಗುತ್ತದೆ.

ತೂಕ ಮಾತ್ರ ಕಾಲರ್ (ಟ್ರೈಪಾಡಿಗೆ ಕೂರಿಸುವ ಪಟ್ಟಿ) ಸೇರಿ 2.3 ಕಿಲೋ. ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಬೇಡ, ಹುಟ್ಟಿನ ಅಲುಗಾಟವೆಲ್ಲ ನೇರ ಲೆನ್ಸ್‌ಗೆ ಬರುತ್ತದೆ. ಮೊಣಕೈ ಪಕ್ಕೆಗೆ ಒತ್ತಿ ಹಿಡಿಯಿರಿ. ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ‘ಸ್ಪೋರ್ಟ್’ಗೆ, ಶಟರ್ 1/1600 ಸೆಕೆಂಡಿಗೆ, ಫೋಕಸ್ ಮಿತಿಯ ಸ್ವಿಚ್ಚು 6 ಮೀಟರ್‌ನಿಂದಾಚೆಗೆ. ಈ ಸ್ವಿಚ್ಚು ಮರೆತರೆ ಹಾರುವ ರೀವ ಹಕ್ಕಿಯನ್ನು ಹುಡುಕುತ್ತಾ ಫೋಕಸ್ ಹಿಂದೆ ಮುಂದೆ ಓಡಾಡುತ್ತದೆ. ಅಷ್ಟರಲ್ಲಿ ಹಕ್ಕಿ ಮಾಯ! ಕಪ್ಪು ಬಂಡೆಯ ಮೇಲಿನ ಬಿಳಿ ಚಮಚಕೊಕ್ಕಿಗೆ ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) 0.7 ಇಳಿಸದಿದ್ದರೆ ಗರಿಯ ವಿವರ ಉಳಿಯುವುದಿಲ್ಲ.

500 ಮಿ.ಮೀ.ನಲ್ಲಿ ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಟ್ಟರೆ ಚಿತ್ರ ಇನ್ನಷ್ಟು ಚೂಪು. ಆದರೆ ಹತ್ತು ಗಂಟೆಯ ಮೇಲೆ ನೀರಿನಿಂದೇಳುವ ಬಿಸಿಗಾಳಿಯಲ್ಲಿ ದೂರದ ಮೊಸಳೆ ಮಸುಕಾದರೆ ಲೆನ್ಸನ್ನು ಬೈಯಬೇಡಿ, ಅದಕ್ಕೆ ಮದ್ದಿಲ್ಲ. ಬೆಳಗಿನ ಮೊದಲ ದೋಣಿ ಹಿಡಿಯುವುದೊಂದೇ ದಾರಿ.

ಜೂಮ್ ಉಂಗುರ ಒಂದೇ ತಿರುವಿಗೆ 200ರಿಂದ 500ಕ್ಕೆ ಹೋಗದು, ಇದು ನಿಜಕ್ಕೂ ಕಿರಿಕಿರಿ. ಜೂಮ್ ಮಾಡಿದಾಗ ಕೊಳವೆ ಉದ್ದವಾಗುತ್ತಾ ಗಾಳಿ ಒಳಗೆಳೆಯುತ್ತದೆ, ಜೊತೆಗೆ ತೇವವೂ ಧೂಳೂ. ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ಗಾಜಿಗೆ ಬೂಸ್ಟು (ಫಂಗಸ್) ಹಿಡಿಯಲು ಇದೇ ದಾರಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವ ಶೇಕಡಾ 45ರ ಆಸುಪಾಸಿನಲ್ಲಿಡಿ. ಎಸಿ ಕಾರಿನಿಂದಿಳಿದ ಕೂಡಲೇ ಬ್ಯಾಗಿನಿಂದ ತೆಗೆದರೆ ಗಾಜಿಗೆ ಮಂಜು ಕಟ್ಟುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಟಾರ್ಚ್ ಬೆಳಕು ಬಿಟ್ಟು ಒಳಗಾಜಿನಲ್ಲಿ ಬೂಸ್ಟಿದೆಯೇ ನೋಡಿಯೇ ಹಣ ಕೊಡಿ.