ದಾಲ್ಚಿನ್ನಿ ಎಸೆನ್ಶಿಯಲ್ ಆಯಿಲ್: ತೊಗಟೆಯದ್ದೋ, ಎಲೆಯದ್ದೋ ನೋಡಿ ಕೊಳ್ಳಿ

ದಾಲ್ಚಿನ್ನಿ ಮರದಿಂದ ಬಟ್ಟಿ ಇಳಿಸಿದ ಈ ಗಾಢ ಎಣ್ಣೆಯ ಪರಿಮಳಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಮೈಗೆ ಹಚ್ಚಿಕೊಳ್ಳಲು ಮಾತ್ರ ತೊಗಟೆಯ ಎಣ್ಣೆಯನ್ನು ಯಾರಿಗೂ ಹೇಳಲಾರೆ.

ಬಾಟಲಿಯ ಮೇಲೆ ಬರೀ ‘ದಾಲ್ಚಿನ್ನಿ’ ಎಂದಿದ್ದರೆ ಸಾಲದು. ಲೇಬಲ್ಲಿನಲ್ಲಿ ಸಸ್ಯದ ಹೆಸರು ಇರಬೇಕು, ಎಣ್ಣೆ ತೊಗಟೆಯದ್ದೋ ಎಲೆಯದ್ದೋ ಎಂಬುದೂ ಇರಬೇಕು. ಮರ ಒಂದೇ ಆದರೂ ಗುಣ ಬೇರೆ. ತೊಗಟೆಯದ್ದರಲ್ಲಿ ಚರ್ಮಕ್ಕೆ ಉರಿ ತರುವ ಸಿನಮಾಲ್ಡಿಹೈಡ್ ಎಂಬ ರಾಸಾಯನಿಕ ಹೆಚ್ಚು, ಸಿಹಿಯಾದ ಘಾಟು. ಎಲೆಯದ್ದರಲ್ಲಿ ಲವಂಗದಲ್ಲೂ ಇರುವ ಯುಜೆನಾಲ್ ಎಂಬ ರಾಸಾಯನಿಕ ಹೆಚ್ಚು, ಲವಂಗದ ವಾಸನೆ.

ಅರೋಮಾಥೆರಪಿಯಲ್ಲಿ (ಸುಗಂಧ ತೈಲಗಳ ಚಿಕಿತ್ಸೆ) ಚರ್ಮಕ್ಕೆ ಪಾಲಿಸುವ ಗರಿಷ್ಠ ಮಿತಿ ಎಲೆಯ ಎಣ್ಣೆಗೆ ಶೇ. 0.6, ತೊಗಟೆಯದ್ದಕ್ಕೆ ಶೇ. 0.07. ಒಂದು ಮಿ.ಲೀ.ಗೆ ಸುಮಾರು 20 ಹನಿ ಎಂದು ಲೆಕ್ಕ ಹಾಕಿ: 30 ಮಿ.ಲೀ. ಬಾದಾಮಿ ಎಣ್ಣೆಗೆ ಎಲೆಯದ್ದು 3 ಹನಿ ಹಾಕಬಹುದು, ತೊಗಟೆಯದ್ದು ಅರ್ಧ ಹನಿಯೂ ಹೆಚ್ಚೇ. ಒಂದೇ ಹನಿ ಬೆರೆಸಬೇಕೆಂದರೂ 70 ಮಿ.ಲೀ.ಗಿಂತ ಹೆಚ್ಚು ಎಣ್ಣೆ ಬೇಕು. ಅಂದಾಜಿನಲ್ಲಿ ಸುರಿಯುವವರಿಗೆ ತೊಂದರೆಯಾಗುವುದು ಇಲ್ಲೇ. ಉರಿ ಒಂದೆರಡು ದಿನದಲ್ಲಿ ಹೋಗಬಹುದು, ಆದರೆ ಅಲರ್ಜಿ ಅಂಟಿಕೊಂಡರೆ ಹೋಗುವುದಿಲ್ಲ. ಮುಂದೆ ದಾಲ್ಚಿನ್ನಿ ರುಚಿಯ ಟೂತ್‌ಪೇಸ್ಟ್ ಕೂಡ ಬಾಯಿ ಸುಡಬಹುದು. ಬೆರೆಸಿದ ಎಣ್ಣೆಯನ್ನೂ ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಿರಿ.

ಸ್ನಾನದ ನೀರಿಗೆ ಹಾಕಲೇಬೇಡಿ. ನೀರಿನಲ್ಲಿ ಕರಗದ ಎಣ್ಣೆ ಹಾಗೇ ಮೈಗೆ ಮೆತ್ತಿಕೊಳ್ಳುತ್ತದೆ. ಚರ್ಮದ ಮೇಲೆ ಚೆಲ್ಲಿದರೆ ಮೊದಲು ಅಡುಗೆ ಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಿ, ವೈದ್ಯರನ್ನು ಕಾಣಿ. ಹೊಟ್ಟೆಗೆ ಹೋದರೆ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ.

ನಿಜವಾಗಿ ಖುಷಿ ಕೊಡುವುದು ಡಿಫ್ಯೂಸರ್‌ನಲ್ಲಿ, ಅಂದರೆ ಕೋಣೆಗೆ ಪರಿಮಳ ಹರಡುವ ಸಾಧನದಲ್ಲಿ. 100 ಮಿ.ಲೀ. ನೀರಿಗೆ ತೊಗಟೆಯದ್ದು 1 ಹನಿ, ಕಿತ್ತಳೆ ಎಣ್ಣೆ 3 ಹನಿ. ಕಿಟಕಿ ತೆರೆದು ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಪ್ಲಾಸ್ಟಿಕ್ ತೊಟ್ಟಿಯನ್ನು ಆಗಲೇ ಒರೆಸಿಡಿ. ಮನೆಯಲ್ಲಿ ಬೆಕ್ಕು, ಹಕ್ಕಿ ಇದ್ದರೆ ಡಿಫ್ಯೂಸರ್ ಕೂಡ ಬೇಡ. ಗರ್ಭಿಣಿಯರು, ಪುಟ್ಟ ಮಕ್ಕಳು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬಳಸಬಾರದು. ಮನೆಯಲ್ಲೇ ಸೋಪು ಮಾಡುವವರೂ ಗಮನಿಸಿ, ಇದು ಬಿದ್ದ ಕೂಡಲೇ ಮಿಶ್ರಣ ಗಟ್ಟಿಯಾಗಿ ಅಚ್ಚಿಗೆ ಸುರಿಯಲು ಬಾರದೆ ಹೋಗಬಹುದು.

ಬಾಟಲಿ ಕಂದು ಗಾಜಿನದ್ದೇ ಇರಲಿ. ರಬ್ಬರ್ ಬಲ್ಬಿನ ಡ್ರಾಪರ್ ಹಾಕಿಟ್ಟರೆ ಆವಿಗೆ ರಬ್ಬರ್ ಮೆತ್ತಗಾಗಿ ಅಂಟಂಟಾಗುತ್ತದೆ. ಬಾಟಲಿಯ ಬಾಯಿಗೆ ಹನಿ ಹನಿಯಾಗಿ ಬೀಳಿಸುವ ಬಿರಡೆ, ಮೇಲೆ ತಿರುಪಿನ ಮುಚ್ಚಳ ಇದ್ದದ್ದು ಒಳ್ಳೆಯದು. ಗಾಳಿ ತಾಗಿ ಹಳಸಿದ ಎಣ್ಣೆ ಚರ್ಮಕ್ಕೆ ಇನ್ನೂ ಕೆಟ್ಟದ್ದು, ಆದ್ದರಿಂದ 5 ಮಿ.ಲೀ. ಬಾಟಲಿಯನ್ನೇ ಕೊಳ್ಳಿ.